ನಮ್ಮತ್ತೆಯ ಎಡಚ ನಟ

ಅಮೆರಿಕದ ಒಬ್ಬ ನಟ ಎಡಚ ಎಂದು ನಮ್ಮ ಸೋದರತ್ತೆ ಹತ್ತು ವರ್ಷ ನಂಬಿದ್ದಳು. ನಗುವವರು ನಗಲಿ, ಆದರೆ ಪೂರ್ತಿ ಕೇಳಿ ನಗಲಿ.

ಆಗ ನಿಜಾಮರ ಕಾಲ. ಬೀದರಿಗೆ ಡೇರೆ ಸಿನಿಮಾ ಬರುತ್ತಿತ್ತು, ಮಾತಿಲ್ಲದ್ದು. ಪರದೆಯ ಪಕ್ಕ ಕೋಲು ಹಿಡಿದು ನಿಂತು ಕಥೆ ಹೇಳುವ ಕೆಲಸ ನಮ್ಮಪ್ಪನದು. ಮೊದಲು ನಾಟಕ ಕಂಪನಿಯಲ್ಲಿದ್ದವನು, ಗಂಟಲು ಗಟ್ಟಿ. ಆ ನಟನ ಚಿತ್ರ ಬಂದರಂತೂ ಅವನಿಗೆ ಹಬ್ಬ. "ಇಂವಾನೂ ನಮ್ಮಂಗ ನಾಟಕದಾಗ ಬೆಳದಾಂವ್ರಿ! ಸಣ್ಣ ಸಣ್ಣ ಪಾರ್ಟ್ ಮಾಡಿ ಸಿನಿಮಾಕ್ಕ ಬಂದಾನ್ರಿ!" ಎಂದು ಕೂಗುತ್ತಿದ್ದ.

ಗಂಡಸರು ಪರದೆಯ ಮುಂದೆ, ಹೆಂಗಸರು ಹಿಂದೆ, ಅದು ಪದ್ಧತಿ. ನೀರು ಚಿಮುಕಿಸಿದ ಬಟ್ಟೆಯ ಹಿಂದಿನಿಂದಲೂ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು, ಎಡಬಲ ಮಾತ್ರ ಅದಲುಬದಲು. ಇಂಗ್ಲಿಷ್ ಅಕ್ಷರ ತಿರುವುಮುರುವಾದರೆ ನಮಗೇನು, ನೆಟ್ಟಗಿದ್ದರೂ ಓದುವವರು ಯಾರಿದ್ದರು?

ಅತ್ತೆ ಎಡಚಿ. ಅಜ್ಜಿ ಸೌಟಿನ ಹಿಡಿಯಿಂದ ಬಡಿದರೂ ಆ ಕೈ ಬದಲಾಗಲಿಲ್ಲ. ಭಾಲ್ಕಿಯಿಂದ ಹೆಣ್ಣು ನೋಡಲು ಬಂದವರಿಗೆ ಎಡಗೈಯಲ್ಲಿ ಹುಗ್ಗಿ ಬಡಿಸಿಬಿಟ್ಟಳು, ಅವರು ಉಣ್ಣದೇ ಎದ್ದು ಹೋದರು. ಆಮೇಲೆ ಯಾರೂ ಬರಲಿಲ್ಲ. ನಾಲ್ಕು ಜನರೆದುರು ಅವಳ ಎಡಗೈ ಸೆರಗಿನೊಳಗೇ ಇರುತ್ತಿತ್ತು.

ಆ ನಟ ಎಡಗೈಯಲ್ಲಿ ಕತ್ತಿ ಹಿರಿದ ದಿನ ಅತ್ತೆ ನನ್ನ ತೊಡೆ ಚಿವುಟಿ, "ನೋಡವ್ವಾ, ಎಡಚಗ ರಾಜನ ಪಾರ್ಟ್ ಕೊಟ್ಟಾರ!" ಎಂದಳು. ಮನೆಯವರೆಗೂ ಅದೇ ಮಾತು.

ಅಪ್ಪನಿಗೆ ನಿಜ ಗೊತ್ತಿತ್ತು. "ಹೇಳಿದ್ರ ಭಾಳ ನೊಂದ್ಕೋತಾಳ, ಬಾಯಿ ಮುಚ್ಕೊಂಡಿರು," ಎಂದು ನನಗೆ ತಾಕೀತು ಮಾಡಿದ. ಅಷ್ಟಕ್ಕೇ ಬಿಡಲಿಲ್ಲ, ಪರದೆಯ ಆಚೆ ಕೇಳುವಂತೆ "ಎಡಗೈಲೆ ಕತ್ತಿ ಬೀಸಿದನ್ರಿ!" ಎಂದು ಕಥೆಯಲ್ಲೂ ಸೇರಿಸತೊಡಗಿದ. ಮುಂದೆ ಕೂತವರು "ಕಣ್ಣು ಕಾಣಂಗಿಲ್ಲೇನ್ರಿ ನಿಮಗ?" ಎಂದು ಬೈದರೂ ಜಪ್ಪಯ್ಯ ಅನ್ನಲಿಲ್ಲ. ಅಂಥ ತಮ್ಮ ಎಲ್ಲರಿಗೂ ಸಿಗುವುದಿಲ್ಲ.

ನಟನಿಗೂ ವಯಸ್ಸಾಯಿತು. ನಾಯಕನಾಗಿದ್ದವನು ನಾಯಕಿಯ ತಂದೆಯಾದ. ಅಂಥದ್ದೊಂದು ಚಿತ್ರ ಔರಾದಿಗೆ ಹೋದಾಗ, ನೆಂಟರ ಮನೆಯಿದೆಯೆಂದು ನಾವೂ ಹೋದೆವು. ಅಲ್ಲಿ ಪರದೆಯನ್ನು ಗೋಡೆಗೆ ಬಿಗಿದಿದ್ದರು. ಹಿಂದೆ ಜಾಗವಿಲ್ಲ, ಹೆಂಗಸರನ್ನೂ ಮುಂದೆಯೇ ಒಂದು ಬದಿಗೆ ಕೂರಿಸಿದರು. ನಮ್ಮನ್ನು ಅಲ್ಲಿ ಕಂಡು ಅಪ್ಪನ ಮುಖ ಸಪ್ಪಗಾಯಿತು.

ನಟ ಬಂದ. ನೆರೆತ ಕೂದಲು, ಬಲಗೈಯಲ್ಲಿ ಕೋಲು. ಮೇಜಿಗೆ ಕೂತು ಬಲಗೈಯಲ್ಲೇ ಚಮಚ ಹಿಡಿದ. ಅಪ್ಪ ಕಥೆ ಹೇಳುವುದನ್ನೇ ನಿಲ್ಲಿಸಿದ. ನಾನು ಅತ್ತೆಯ ಕೈ ಹಿಡಿದುಕೊಂಡೆ, ನನಗೇ ಅಳು ಬಂದಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯ ಪಾಪ, ಅವಗೂ ಹೊಡದಾರವ್ವಾ. ಇಷ್ಟು ವಯಸ್ಸಾದ ಮ್ಯಾಲ ಕೈ ಬದಲ್ ಮಾಡ್ಸ್ಯಾರ."

ಮರುದಿನ ಮಧ್ಯಾಹ್ನ ಆ ನೆಂಟರ ಮನೆಯಲ್ಲಿ, ತುಂಬಿದ ಪಂಕ್ತಿಗೆ, ಅತ್ತೆ ಸೆರಗು ಸಿಕ್ಕಿಸಿ ಎಡಗೈಯಲ್ಲೇ ಬಡಿಸುತ್ತ ಬಂದಳು. ಪಂಕ್ತಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ತಾಟು ಮುಂದೆ ಚಾಚಿ, "ಇನ್ನೊಂದೀಟು ಹಾಕಕ್ಕಾ," ಎಂದ.