ಥಾರ್ನ್‌ಕ್ವಿಸ್ಟ್‌ನ ಕೆಂಪು ದೀಪ

ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸಭೆಯಲ್ಲಿ, ಬಲಾಢ್ಯ ದೇಶದ ಪ್ರತಿನಿಧಿ ಥಾರ್ನ್‌ಕ್ವಿಸ್ಟ್‌ನಷ್ಟು ಸೊಗಸಾಗಿ ‘ಬೇಡ’ ಎನ್ನುವವರು ಇನ್ನೊಬ್ಬರಿಲ್ಲ. ಮಕ್ಕಳ ಹಕ್ಕಿರಲಿ, ಕುಡಿಯುವ ನೀರಿರಲಿ, ಟೈ ಸರಿಪಡಿಸಿಕೊಂಡು, “ಆಶಯ ಒಳ್ಳೆಯದೇ, ಪದಗಳು ಸರಿಯಿಲ್ಲ” ಎಂದು ಕೆಂಪು ಗುಂಡಿ ಒತ್ತುತ್ತಾನೆ. ಗೋಡೆಯ ಫಲಕದ ತುಂಬ ಹಸಿರು ದೀಪಗಳು, ನಡುವೆ ಇವನದೊಂದೇ ಕೆಂಪು. ಪಕ್ಕದ ಕುರ್ಚಿಯಲ್ಲಿ ಕೂರುವ ಉರುಗ್ವೆ ದೇಶದ ಪ್ರತಿನಿಧಿ ಗ್ರಾಸಿಯೆಲಾಗೆ ಮೈಯೆಲ್ಲ ಉರಿಯುತ್ತದೆ. “ಮತ್ತೆ ಒಬ್ಬರೇ ಆದ್ರಲ್ಲ ಸ್ವಾಮಿ, ನಾಚಿಕೆ ಆಗಲ್ವಾ?” ಎಂದರೆ, “ಒಬ್ಬನೇ ಅನ್ಬೇಡಿ ಮೇಡಂ, ಎಲ್ಲರಿಗಿಂತ ಮುಂದಿದೀನಿ ಅನ್ನಿ” ಎಂದು ನಗುತ್ತಾನೆ. ಆಹಾರದ ಹಕ್ಕಿನ ಬಗ್ಗೆ ಮತದಾನ ನಡೆದ ದಿನವೂ ಹಾಗೆಯೇ ಕೆಂಪು ಒತ್ತಿ, ಎಂದಿನಂತೆ ಅವಳೆದುರು ಊಟಕ್ಕೆ ಕುಳಿತ. ಉಂಡಾದ ಮೇಲೆ ತಟ್ಟೆಯಲ್ಲುಳಿದ ಬ್ರೆಡ್ಡಿನ ಚೂರನ್ನು ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದ. ಅವಳು ನೋಡುತ್ತಿರುವುದನ್ನು ಕಂಡು, “ಚಿಕ್ಕಂದಿನ ಅಭ್ಯಾಸ. ಅಪ್ಪನ ಗಣಿ ಮುಚ್ಚಿದ ವರ್ಷ ಚರ್ಚಿನಲ್ಲಿ ಧರ್ಮಕ್ಕೆ ಕೊಡೋ ಸೂಪು, ಬ್ರೆಡ್ಡಿಗೆ ಸಾಲು ನಿಲ್ತಿದ್ವಿ. ನಾಳೆಗೆ ಅಂತ ಅಮ್ಮ ಹೀಗೇ ಸುತ್ತಿಡ್ತಿದ್ಲು” ಎಂದ. ಹಸಿವೆಂದರೇನೆಂದು ಈ ಮನುಷ್ಯನಿಗೆ ಗೊತ್ತಿಲ್ಲವೆಂದೇ ಗ್ರಾಸಿಯೆಲಾ ಇಷ್ಟು ವರ್ಷ ಅವನನ್ನು ಸಹಿಸಿಕೊಂಡಿದ್ದಳು. “ಗೊತ್ತಿದ್ದೂ ಒತ್ತಿದ್ರಾ?” ಎಂದಳು. ಅವನು ಬಾಯಿ ತೆರೆಯುವುದರೊಳಗೆ ತನ್ನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗಿ ಕುಳಿತಳು.