ಅಕ್ಕ ಮನೆ ಮುಟ್ಟುವ ತನಕ

ನಮ್ಮ ಮನೆತನದಲ್ಲಿ ಕೊಟ್ಟ ಹೆಣ್ಣುಮಕ್ಕಳಿಗೆ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವ ವಾಡಿಕೆಯಿಲ್ಲ. ತವರಿನಲ್ಲಿ ಯಾರಾದರೂ ತೀರಿಕೊಂಡರೆ ಒಬ್ಬರು ಅವಳ ಊರಿಗೆ ಹೋಗಬೇಕು. ಹೋದವರು ‘ಒಂಚೂರು ಆರಾಮಿಲ್ಲ, ನಿನ್ನ ನೋಡಬೇಕಂತ’ ಎಂದಷ್ಟೇ ಹೇಳಿ ಕರೆದುಕೊಂಡು ಬರಬೇಕು. ದಾರಿಯಲ್ಲಿ ಹೇಗಾದರೂ ಮಾಡಿ ಅವಳ ಹೊಟ್ಟೆಗೆ ಒಂದಿಷ್ಟು ಹಾಕಿಸಬೇಕು, ಏಕೆಂದರೆ ಸತ್ತ ಮನೆಯಲ್ಲಿ ಮಣ್ಣು ಆಗುವ ತನಕ ಒಲೆ ಹೊತ್ತುವುದಿಲ್ಲ. ಓಣಿಗೆ ಬಂದ ಮೇಲೆ ಪರಿಚಯದ ಮನೆಯೊಂದರಲ್ಲಿ ಕೂರಿಸಿ, ನೀರು ಕುಡಿಸಿ, ಹೆಂಗಸರು ಸುತ್ತ ಕೂತ ಮೇಲೆ ಹಿರಿಯರು ಬಾಯಿ ಬಿಡಬೇಕು. ಒಬ್ಬಳೇ ಇದ್ದಾಗ ಹೆಣ್ಣುಮಗಳ ಕಿವಿಗೆ ಆ ಮಾತು ಬೀಳಬಾರದು ಎಂಬುದೊಂದೇ ಇದರ ಹಿಂದಿನ ಕಾಳಜಿ. ಕರೆಯಲು ಬಂದವರ ಮುಖ ನೋಡಿದರೆ ಎಂಥವಳಿಗೂ ಅನುಮಾನ ಬರುತ್ತದೆ, ಅದು ಬೇರೆ ಮಾತು. ಅನುಮಾನದ ಜೊತೆಗೆ ಒಂದು ಚೂರು ಆಸೆಯೂ ಇರುತ್ತದಲ್ಲ, ಅದನ್ನು ಹಿಡಿದುಕೊಂಡು ಅವಳು ಬಸ್ಸು ಹತ್ತಿ ಬರುತ್ತಾಳೆ.

ಅವ್ವ ಹೋದ ದಿನ ಆ ಕೆಲಸ ನನ್ನ ಪಾಲಿಗೆ ಬಂತು.

ಅಪ್ಪ ತೀರಿದ ಮೇಲೆ ಅವ್ವ ಯಾದಗಿರಿಯಲ್ಲಿ ನನ್ನ ಜೊತೆಗೇ ಇದ್ದಳು. ನಾನು ಇಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಅಕ್ಕನನ್ನು ಸುರಪುರದ ಆಚೆಯ ಹಳ್ಳಿಗೆ ಕೊಟ್ಟಿತ್ತು. ಅವಳ ಮದುವೆಯ ಹೊತ್ತಿಗೆ ಆ ಊರಿಗೆ ಆಗಷ್ಟೇ ಕಾಲುವೆಯ ನೀರು ಬಂದಿತ್ತು. ಜನ್ಮವೆಲ್ಲ ಜೋಳ, ತೊಗರಿ ಬಿಟ್ಟು ಬೇರೆ ಬೆಳೆ ಕಾಣದ ಅವ್ವನಿಗೆ ಮಗಳು ಭತ್ತ ಬೆಳೆಯುವ ಮನೆ ಸೇರಿದ್ದೇ ದೊಡ್ಡ ಹೆಮ್ಮೆ. ‘ನನ್ನ ದೊಡ್ಡ ಮಗಳು ನೀರಾವರಿ ಮನ್ಯಾಗ ಅದಾಳ’ ಎಂದು ಬಾಗಿಲಿಗೆ ಬಂದ ಕಾಯಿಪಲ್ಯದವಳಿಗೂ ಹೇಳುತ್ತಿದ್ದಳು. ಆದರೆ ನೀರಾವರಿ ಎಂದರೆ ವರ್ಷಕ್ಕೆ ಎರಡು ಬೆಳೆ, ಎರಡು ಬೆಳೆ ಎಂದರೆ ತವರಿಗೆ ಬರಲು ಪುರುಸೊತ್ತಿಲ್ಲ. ಕರೆದಾಗಲೆಲ್ಲ ಅಕ್ಕ ನಾಟಿ ಎಂದಳು, ಕಳೆ ಎಂದಳು, ಕಾಲುವೆಗೆ ನೀರು ಬಿಟ್ಟಾರ ಎಂದಳು. ಅವ್ವ ಮೊದಮೊದಲು ಮುನಿಸಿಕೊಂಡು ಕೂತಳು. ಆಮೇಲೆ ಮನೆಗೆ ದೊಡ್ಡ ಪರದೆಯ ಫೋನು ಬಂತು.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಂಬರು ಒತ್ತುವುದೂ ಬರುತ್ತಿರಲಿಲ್ಲ. ಆದರೆ ವಾಟ್ಸಾಪಿನ ಸ್ಟೇಟಸ್ಸಿನಲ್ಲಿ ಅಕ್ಕನ ಮುಖವಿರುವ ಗುಂಡು ಚಿತ್ರ ಯಾವುದೆಂದು ಗೊತ್ತಿತ್ತು. ಅದರ ಸುತ್ತ ಹಸಿರು ಗೆರೆ ಕಂಡರೆ ಒತ್ತುವಳು. ಅಕ್ಕ ಬೆಳಿಗ್ಗೆ ಹೊಲಕ್ಕೆ ಹೋದವಳು ಏನಾದರೊಂದು ಹಾಕುತ್ತಿದ್ದಳು. ಒಂದು ದಿನ ಕಾಲುವೆಯ ಕೆಂಪು ನೀರು, ಒಂದು ದಿನ ಈದ ಎಮ್ಮೆ, ಒಮ್ಮೆ ತನ್ನದೇ ಕೆಸರುಗಾಲು. ಹಿಂದೆ ಯಾವುದೋ ಸಿನಿಮಾ ಹಾಡು ಇರುತ್ತಿತ್ತು, ಎಮ್ಮೆಗೂ ಆ ಹಾಡಿಗೂ ಏನೇನೂ ಸಂಬಂಧವಿರುತ್ತಿರಲಿಲ್ಲ. ಬಳಗದವರು ನೋಡಿ ನಗುತ್ತಿದ್ದರು. ಅವಳೇನು ಬಳಗದವರಿಗೆಂದು ಹಾಕುತ್ತಿದ್ದಳೇ? ಇಲ್ಲಿ ಅವ್ವ ಚಹಾದ ಲೋಟ ಪಕ್ಕಕ್ಕಿಟ್ಟು, ಫೋನನ್ನು ರೊಟ್ಟಿಯಂತೆ ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಚಿತ್ರ ಬೇಗ ಸರಿದುಹೋಗುತ್ತದೆಂದು ಹೆಬ್ಬೆರಳನ್ನು ಅದರ ಮೇಲೆ ಅದುಮಿ ನಿಲ್ಲಿಸುವುದನ್ನು ತಾನೇ ಕಂಡುಕೊಂಡಿದ್ದಳು. ನೋಡಿ ಮುಗಿದ ಮೇಲೆ ಮೈಕಿನ ಗುರುತು ಒತ್ತಿ ಓಣಿಗೆಲ್ಲ ಕೇಳುವಂತೆ ಕೂಗುವಳು: ‘ಏ ಅವ್ವಿ, ಸಸಿ ಹಳದಿ ಬಿದ್ದಾವಲ್ಲ, ಗೊಬ್ಬರ ಹಾಕೀರಿಲ್ಲ?’

ಶಾಲೆಯಲ್ಲಿ ಮೊಬೈಲು ಮುಟ್ಟಿದ ಮಕ್ಕಳನ್ನು ಬೈಯುವವಳು ನಾನು. ಮನೆಯಲ್ಲಿ ಇವರಿಬ್ಬರ ಆಟ ನೋಡಿ ಸುಮ್ಮನಿರಬೇಕಾಗುತ್ತಿತ್ತು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಅವ್ವನ ಕಾಲು ಒತ್ತುವವಳು ನಾನು, ಕೆಸರುಗಾಲು ತೋರಿಸಿ ಮುದ್ದು ಮಾಡಿಸಿಕೊಳ್ಳುವವಳು ಅವಳು.

ಇದಲ್ಲದೆ ವಾಟ್ಸಾಪಿನಲ್ಲಿ ನಮ್ಮ ಬಳಗದ್ದೇ ಒಂದು ಗುಂಪಿತ್ತು. ನಾವು ಅಕ್ಕತಂಗಿಯರು, ಕಡೇಚೂರಿನ ಫ್ಯಾಕ್ಟರಿಯಲ್ಲಿ ದುಡಿಯುವ ಹುಡುಗರು, ಕೊಟ್ಟ ಹೆಣ್ಣುಮಕ್ಕಳು, ತಂದ ಸೊಸೆಯರು ಎಲ್ಲರೂ ಅದರಲ್ಲಿದ್ದೆವು. ಶಹಾಪುರದಲ್ಲಿರುವ ನಮ್ಮ ಸೋದರಮಾವ ಅದರ ಹಿರಿಯರು. ಬೆಳಗಾದರೆ ಗುಲಾಬಿ ಹೂವು, ದೇವರ ಚಿತ್ರ, ಮಂಡಿನೋವಿನ ಔಷಧ. ಮಾಮಾ ಬರೆಯುವ ಗೋಜಿಗೆ ಹೋಗುವವರಲ್ಲ. ಅವರದೆಲ್ಲ ಬಾಯಿಮಾತಿನ ಮೆಸೇಜು, ಅದೂ ಪಂಚಾಯಿತಿ ಕಟ್ಟೆಯ ಮೇಲೆ ನಿಂತು ಹೇಳಿದಂತೆ.

ಅವ್ವನದು ಯಾರಿಗೂ ತೊಂದರೆ ಕೊಡದ ಸಾವು. ಬೆಳಿಗ್ಗೆ ಚಹಾ ತಂದಿಟ್ಟು ಕರೆದರೆ ಏಳಲಿಲ್ಲ. ಡಾಕ್ಟರು ಬಂದು ನೋಡಿ ‘ನಿದ್ದ್ಯಾಗ ಹೋಗ್ಯಾರ್ರಿ’ ಅಂದರು. ನಾನು ಅವಳ ಪಕ್ಕದಲ್ಲಿ ಕೂತುಬಿಟ್ಟೆ. ಮಾಮಾ ಶಹಾಪುರದಿಂದ ಬಂದವರೇ ನನ್ನ ತೋಳು ಹಿಡಿದು ಎಬ್ಬಿಸಿದರು. ‘ನೀ ಆಮ್ಯಾಲ ಅಳುವಂತಿ. ಮೊದಲ ದೊಡ್ಡಾಕಿನ್ನ ಕರಕೊಂಡು ಬಾ. ಬ್ಯಾರೆ ಯಾರು ಹೋದ್ರೂ ಆಕಿ ಹೆದರ್ತಾಳ.’

ಕರೆತರುವುದು ಕಷ್ಟವಲ್ಲ. ಅಲ್ಲಿಯ ತನಕ ಸುದ್ದಿಯನ್ನು ತಡೆಯುವುದು ಕಷ್ಟ. ಹಿಂದೆ ಸುದ್ದಿ ಬಸ್ಸಿನಷ್ಟೇ ವೇಗದಲ್ಲಿ ಹೋಗುತ್ತಿತ್ತು. ಈಗ ಹೋದವರ ಮೈ ಆರುವ ಮೊದಲೇ ಅವರ ಫೋಟೋಕ್ಕೊಂದು ಹೂವಿನ ಚೌಕಟ್ಟು, ಎರಡು ದೀಪ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ತನ್ನಪ್ಪ ಸತ್ತದ್ದನ್ನು ಸೈದಾಪುರದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಯಾರದೋ ಸ್ಟೇಟಸ್ಸಿನಲ್ಲಿ ನೋಡಿದಳು. ಅಲ್ಲೇ ನೆಲಕ್ಕೆ ಬಿದ್ದು ಹೊರಳಾಡಿದಳಂತೆ. ಅವಳು ಯಾರು, ಯಾಕೆ ಅಳುತ್ತಿದ್ದಾಳೆಂದು ಸುತ್ತಲಿದ್ದವರಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಹಾಗಾಗಬಾರದು ಎಂಬುದೊಂದೇ ಆ ಬೆಳಿಗ್ಗೆ ನನ್ನ ತಲೆಯಲ್ಲಿದ್ದದ್ದು.

‘ಅದರ ಕಾಳಜಿ ನಂಗ ಬಿಡು,’ ಎಂದರು ಮಾಮಾ. ‘ಆಕಿ ಬರೋತನಕ ಯಾರೂ ಏನೂ ಹಾಕದಂಗ ನಾ ನೋಡ್ಕೊಂತೀನಿ.’

ನನ್ನ ಫೋನಿಗೆ ಆಗಲೇ ಕರೆಗಳು ಶುರುವಾಗಿದ್ದವು. ಅಕ್ಕನ ಮುಂದೆ ಯಾರಾದರೂ ಫೋನು ಮಾಡಿ ಸಮಾಧಾನ ಹೇಳಲು ಹೊರಟರೆ ಕೆಲಸ ಕೆಟ್ಟಿತೆಂದು ಅದನ್ನು ಅಲಮಾರಿಯಲ್ಲಿಟ್ಟು ಬಸ್ಸು ಹತ್ತಿದೆ.

ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಭಾವ ಬೈಕು ಹಿಡಿದು ನಿಂತಿದ್ದರು. ನನ್ನ ಯಜಮಾನರು ಅವರಿಗೆ ಗುಟ್ಟಾಗಿ ತಿಳಿಸಿದ್ದರು. ‘ಆಕಿ ಹೊಲದಾಗ ಅದಾಳ. ನಾ ಏನೂ ಹೇಳಿಲ್ಲ,’ ಎಂದರು. ಹೊಲ ಮುಟ್ಟಿದಾಗ ಅಕ್ಕ ಕಾಲುವೆಯ ಕಡೆಯಿಂದ ಬರುತ್ತಿದ್ದಳು. ಮುಖ ತೊಳೆದುಕೊಂಡಿದ್ದಳು, ಸೆರಗಿನ ತುದಿ ತೊಯ್ದಿತ್ತು.

‘ಅವ್ವಗ ಒಂಚೂರು ಆರಾಮಿಲ್ಲ. ನಿನ್ನ ನೋಡಬೇಕಂತಾಳ,’ ಎಂದೆ. ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಹೇಳಿ ಹೇಳಿ ಕಲಿತ ಮಾತು.

ಅಕ್ಕ ನನ್ನ ಮುಖವನ್ನೇ ನೋಡಿದಳು. ‘ಏನರ ಉಂಡಾಳಿಲ್ಲ?’ ಎಂದಳು.

‘ಗಂಜಿ ಕುಡದಾಳ.’

‘ಮಾತಾಡ್ತಾಳಿಲ್ಲ?’

‘ಹ್ಞೂಂ. ನಿನ್ನೇ ಕೇಳಾಕತ್ಯಾಳ.’

ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ನನಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಅಕ್ಕ ಮತ್ತೇನೂ ಕೇಳದೆ ಮನೆಗೆ ಬಂದು ಸೀರೆ ಬದಲಿಸಿದಳು. ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಹಿಂದಿನಿಂದ ಬರಲು ಭಾವನಿಗೆ ಹೇಳಿದಳು. ನನ್ನ ಫೋನು ಮನೆಯಲ್ಲಿ ಮರೆತೆ, ನಿನ್ನದು ಕೊಡು ಎಂದೆ. ‘ಚಾರ್ಜ್ ಇಲ್ಲ ಅದರಾಗ, ಬಂದ್ ಮಾಡೀನಿ,’ ಎನ್ನುತ್ತಾ ಕೊಟ್ಟೇಬಿಟ್ಟಳು. ಅದನ್ನು ಚೀಲದ ತಳಕ್ಕೆ ಹಾಕಿದ ಮೇಲೆ ನನಗೆ ಉಸಿರು ಬಂತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ. ಮುಂದಿನ ಸೀಟಿನವನೊಬ್ಬ ಫೋನಿನಲ್ಲಿ ನಗೆಯ ರೀಲ್ಸು ಜೋರಾಗಿ ಹಚ್ಚಿಕೊಂಡಿದ್ದ. ಅವನ ತಲೆಯ ಮೇಲೆ ಒಂದು ಕೊಡಬೇಕೆನಿಸಿತು. ಹೊರಗೆ ಭತ್ತದ ಗದ್ದೆಗಳು, ನಡುನಡುವೆ ಕಾಲುವೆ. ಅಕ್ಕ ಒಂದೊಂದೇ ಕೇಳುತ್ತಿದ್ದಳು. ಅವ್ವ ತಲೆ ಬಾಚಿಸಿಕೊಂಡಳಾ? ಬಾಚಿಸಿಕೊಂಡಳು ಎಂದೆ. ಹೊರಗೆ ಬಿಸಿಲಿಗೆ ಬಂದು ಕೂತಿದ್ದಳಾ? ಒಂದು ಗಳಿಗೆ ಕೂತಿದ್ದಳು, ಕಾಯಿಪಲ್ಯದವಳ ಜೊತೆ ಜಗಳವನ್ನೂ ಆಡಿದಳು ಎಂದೆ. ಅಕ್ಕ ಸಣ್ಣಗೆ ನಕ್ಕಳು. ಒಂದು ಸುಳ್ಳು ಹೇಳಿದರೆ ಇನ್ನೊಂದು ಕೇಳುತ್ತಿದ್ದಳು.

ಶಹಾಪುರದಲ್ಲಿ ಬಸ್ಸು ನಿಂತಾಗ ಇಳಿಸಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿನ್ನಿಸಿದೆ. ಬೇಡ ಅನ್ನುತ್ತಾಳೆ, ಬಲವಂತ ಮಾಡಬೇಕಾಗುತ್ತದೆ ಅಂದುಕೊಂಡಿದ್ದೆ. ಒಂದು ಕಾಳು ಬಿಡದೆ ತಿಂದಳು. ಪಾಪ, ಏನೂ ಗೊತ್ತಿಲ್ಲ ಇವಳಿಗೆ ಎಂದುಕೊಂಡೆ.

ತಿರುಗಿ ಬಸ್ಸು ಹತ್ತಿದರೆ ಮುಂದಿನ ಬಾಗಿಲಿನಿಂದ ನಮ್ಮ ದೂರದ ಚಿಗವ್ವ ಹತ್ತುತ್ತಿದ್ದಾಳೆ. ಕೈಯಲ್ಲಿ ಹೂವಿನ ಹಾರದ ಪೊಟ್ಟಣ, ಅತ್ತು ಕೆಂಪಾದ ಕಣ್ಣು. ನಮ್ಮವ್ವನ ಮಣ್ಣಿಗೇ ಹೊರಟಿದ್ದಾಳೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಅಕ್ಕನ ಬೆನ್ನ ಹಿಂದಿನಿಂದ ಕಣ್ಣು ಅರಳಿಸಿ, ತಲೆ ಅಲ್ಲಾಡಿಸಿ ಬೇಡಿಕೊಂಡೆ. ಚಿಗವ್ವ ಹಾರವನ್ನು ಸೆರಗಿನೊಳಗೆ ಎಳೆದುಕೊಂಡಳು.

‘ಎಲ್ಲಿಗಿ ಹೊಂಟೀರಿ ಚಿಗವ್ವ?’ ಎಂದಳು ಅಕ್ಕ.

‘ಅಬ್ಬೆತುಮಕೂರಿಗವ್ವ. ಮಠಕ್ಕ ಹೋಗಿ ಬಾಳ ದಿನ ಆಗಿತ್ತು.’

‘ಹೋಗಿ ಬರ್ರಿ. ನಮ್ಮವ್ವನ ಹೆಸರೀಲೆ ಒಂದು ಕಾಯಿ ಒಡಸ್ರಿ.’

ಚಿಗವ್ವ ಹ್ಞೂಂ ಅಂದವಳೇ ಮುಂದಿನ ಸೀಟಿಗೆ ಹೋಗಿ ಬೆನ್ನು ಮಾಡಿ ಕೂತಳು. ಯಾದಗಿರಿಯ ತನಕ ಹಿಂದೆ ತಿರುಗಲಿಲ್ಲ. ಅವಳ ಭುಜ ಅಲುಗುವುದು ನನಗೆ ಕಾಣುತ್ತಿತ್ತು. ಭೀಮಾ ನದಿಯ ಸೇತುವೆ ದಾಟಿದ ಮೇಲೆ ನನ್ನ ಹತ್ತಿರ ಸುಳ್ಳುಗಳೂ ಮುಗಿದಿದ್ದವು. ಅಕ್ಕ ಏನೋ ಕೇಳಿದಳು, ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಓಣಿಯ ತುದಿಯ ಮನೆಯಲ್ಲಿ ಎಲ್ಲವೂ ಆಗಬೇಕಾದ ಹಾಗೆಯೇ ಆಯಿತು. ನೀರು ಕೊಟ್ಟರು, ಹೆಂಗಸರು ಸುತ್ತ ಕೂತರು, ಮಾಮಾ ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದರು. ಅಕ್ಕ ಚೀರಿದಳು. ಅವಳನ್ನು ಹಿಡಿದುಕೊಳ್ಳಲು ಬೇಕಾದಷ್ಟು ಕೈಗಳಿದ್ದವು. ನಾನೂ ಆಗ ಅತ್ತೆ. ಅಳುವಿನ ನಡುವೆಯೂ ಒಂದು ಸಮಾಧಾನವಿತ್ತು, ಸುಳ್ಳೇಕೆ ಹೇಳಲಿ. ಅಷ್ಟು ದೊಡ್ಡ ಬಳಗದಲ್ಲಿ ಒಬ್ಬರೂ ಅವ್ವನ ಫೋಟೋ ಹಾಕಿರಲಿಲ್ಲ. ಕಡೇಚೂರಿನ ಹುಡುಗರೂ ಬೆರಳು ಕಟ್ಟಿಕೊಂಡು ಕೂತಿದ್ದರು. ಫೋನಿನ ಜಗತ್ತನ್ನು ಒಂದು ದಿನದ ಮಟ್ಟಿಗೆ ನಾವು ಗೆದ್ದಿದ್ದೇವೆ ಎಂದುಕೊಂಡೆ.

ಮೂರನೆಯ ದಿನದ ಕಾರ್ಯ ಮುಗಿದು ಜನ ಚದುರಿದ ಮಧ್ಯಾಹ್ನ ನಾನೂ ಅಕ್ಕನೂ ಪಡಸಾಲೆಯಲ್ಲಿ ಕೂತಿದ್ದೆವು. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಅಲಮಾರಿಯಿಂದ ಫೋನು ತೆಗೆದು, ರಾಶಿ ಬಿದ್ದಿದ್ದ ಮೆಸೇಜುಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಬಳಗದ ಗುಂಪಿನಲ್ಲಿ ಮಾಮಾ ಅವರದೊಂದು ಬಾಯಿಮಾತಿನ ಮೆಸೇಜಿತ್ತು. ನಾನು ಸುರಪುರಕ್ಕೆ ಹೋಗುವ ಬಸ್ಸಿನಲ್ಲಿದ್ದಾಗ ಕಳಿಸಿದ್ದು. ಒತ್ತಿದೆ.

‘ಎಲ್ಲಾರೂ ಕೇಳ್ರಿ. ನಮ್ಮಕ್ಕ ಮುಂಜಾನೆ ಹೋಗ್ಯಾಳ. ಸಂಜಿಗಿ ಮಣ್ಣು. ದೊಡ್ಡ ಮಗಳಿಗಿ ಇನ್ನಾ ಗೊತ್ತಿಲ್ಲ, ಹೊಲದಾಗ ಒಬ್ಬಾಕೇ ಅದಾಳ. ಆಕಿ ಮನಿ ಮುಟ್ಟೋತನಕ ಯಾರೂ ಸ್ಟೇಟಸ್ ಹಾಕಬ್ಯಾಡ್ರಿ, ಫೋನ್ ಮಾಡಬ್ಯಾಡ್ರಿ. ನಿಮ್ಮ ಕೈ ಮುಗೀತೀನಿ.’ ಕೊನೆಗೆ ಅವರ ದನಿ ಒಡೆದಿತ್ತು. ಕೆಳಗೆ ಬಳಗದವರೆಲ್ಲ ಕೈ ಮುಗಿದ ಗುರುತು ಹಾಕಿದ್ದರು.

ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕನಿಗೆ ತಿಳಿಯಬಾರದೆಂದು ಮಾಮಾ ಬಳಗಕ್ಕೆಲ್ಲ ಸಾರಿದ್ದ ಆ ಗುಂಪಿನಲ್ಲಿ ಅಕ್ಕನೂ ಇದ್ದಳು. ಒಬ್ಬಿಬ್ಬರಿಗಾದರೂ ಇದು ಹೊಳೆದಿರಬೇಕು, ಆದರೆ ಆ ಹೊತ್ತಿನಲ್ಲಿ ಹಿರಿಯರಿಗೆ ಹೇಳುವವರು ಯಾರು? ಅಕ್ಕನ ಕಡೆ ತಿರುಗಲು ಧೈರ್ಯವಾಗಲಿಲ್ಲ.

‘ಅದು ನಾ ಅವತ್ತೇ ಕೇಳೀನಿ,’ ಎಂದಳು ಅಕ್ಕ, ಬೆಳ್ಳುಳ್ಳಿಯಿಂದ ಕಣ್ಣು ತೆಗೆಯದೆ. ‘ಕಾಲುವಿ ದಂಡಿಗಿ ಕುಂತು ಸ್ಟೇಟಸ್ ಹಾಕಾಕಂತ ಫೋನ್ ತಗದಿದ್ದೆ. ಮಾಮಾನ ದನಿ ಬಂತು. ಅಲ್ಲೇ ಬಿದ್ದು ಅತ್ತೆ, ಯಾರೂ ಇದ್ದಿದ್ದಿಲ್ಲ. ಆಮ್ಯಾಲ ನಿಮ್ಮ ಬೈಕ್ ಕಾಣಿಸ್ತು. ಮಾರಿ ತೊಳಕೊಂಡು ಬಂದೆ.’

‘ಮಾಮಾಗ ಗೊತ್ತದ?’

‘ಇಲ್ಲ. ನೀನೂ ಹೇಳಬ್ಯಾಡ. ಅಷ್ಟು ಕೈ ಮುಗದು ಕೇಳ್ಕೊಂಡಾನ. ಅದಕ್ಕ ಆ ಮನ್ಯಾಗ ಹೊಸದಾಗಿ ಕೇಳಿದಂಗ ಅಳಬೇಕಾತು.’

ನನಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ. ಒಂದೇ ತಾಯಿಯ ಮಕ್ಕಳು, ಒಂದೇ ಸೀಟಿನ ಮೇಲೆ, ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳದೆ ಸುರಪುರದಿಂದ ಯಾದಗಿರಿಯವರೆಗೆ ಬಂದಿದ್ದೆವು. ‘ಮಾಮಾನ ಮಾತು ಇರ್ಲಿ,’ ಎಂದೆ. ‘ನಂಗರ ಹೇಳಬೇಕಿತ್ತಿಲ್ಲ? ಬಸ್ಸಿನ್ಯಾಗ ಇಬ್ರೂ ಕೂಡಿ ಅಳತಿದ್ವಿ.’

ಅಕ್ಕ ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಒಡೆದಳು.

‘ಹೇಳಬೇಕಂತನೇ ಹೊಲದಿಂದ ಬಂದೆ. ಅಷ್ಟರಾಗ ನೀ ಅವ್ವ ಗಂಜಿ ಕುಡದಾಳ ಅಂದಿ. ಸುಳ್ಳು ಅಂತ ಗೊತ್ತಿತ್ತು, ಆದ್ರ ಕೇಳಾಕ ಹಿತ ಅನಿಸ್ತು. ಅದಕ್ಕ ಮತ್ತ ಮತ್ತ ಕೇಳಿದೆ. ತಲಿ ಬಾಚಿಸ್ಕೊಂಡ್ಲು ಅಂದಿ, ಜಗಳ ಆಡಿದ್ಲು ಅಂದಿ. ನೀ ಹೇಳಕೋತ ಇರೋತನಕ ಅವ್ವ ಇದ್ಲು.’

ಸುಲಿದ ಎಸಳುಗಳನ್ನು ಬಟ್ಟಲಿಗೆ ಹಾಕಿದಳು.

‘ಸೇತುವಿ ದಾಟಿದ ಮ್ಯಾಲ ನೀ ಸುಮ್ಮನಾಗಿಬಿಟ್ಟಿ,’ ಎಂದಳು. ‘ಇನ್ನಾ ಒಂದೀಟು ಹೇಳಬೇಕಿತ್ತು.’