ಫ್ಯಾನಿಗೆ ಹೋದ ಯುಪಿಎಸ್

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಕುಷ್ಟಗಿಯಲ್ಲಿ ನಾನು ಕೆಲಸ ಮಾಡುವ ಖಾಸಗಿ ಕಾಲೇಜಿನ ಕಚೇರಿ ಮ್ಯಾನೇಜರ್ ಆತ. ಎದುರಿಗೆ ಸರ್ ಅನ್ನುತ್ತೇನೆ. ಇಲ್ಲಿ ಬಹುವಚನ ಕೊಡಲಾರೆ.

ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವವಳು ನಾನು. ಸರ್ವರ್ ಕೋಣೆಯಲ್ಲಿ ಒಂದು ಹಳೆಯ ಯಂತ್ರವಿತ್ತು. ಯಾರಾದರೂ ವೆಬ್‌ಸೈಟಿನ ಹೆಸರು ಒತ್ತಿದರೆ ಅದರ ಅಂಕಿ ವಿಳಾಸ ಹುಡುಕಿಕೊಡುವುದು ಅದರ ಕೆಲಸ. ನೇಮ್ ಸರ್ವರ್ ಅಂತಾರೆ. ಅದರೊಳಗಿನ ಗಡಿಯಾರದ ಸೆಲ್ ಸತ್ತಿತ್ತು. ಕರೆಂಟ್ ಹೋಗಿ ಬಂದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತಿತ್ತು. ಆಮೇಲೆ ಹೊರಗಿನಿಂದ ಬಂದ ಉತ್ತರಗಳ ತಾರೀಖು ತನ್ನದಕ್ಕೆ ತಾಳೆಯಾಗದೆ ಎಲ್ಲವನ್ನೂ ಸುಳ್ಳೆಂದು ತಳ್ಳುತ್ತಿತ್ತು. ಹೊಸ ಸೆಲ್ ತರಿಸಿರೆಂದು ಕೇಳಿ ಕೇಳಿ ಸಾಕಾಗಿತ್ತು. ಯುಪಿಎಸ್ ಇದ್ದದ್ದರಿಂದ ಯಂತ್ರ ಆಫ್ ಆಗದೆ ಹೇಗೋ ನಡೆಯುತ್ತಿತ್ತು.

ಬೇಸಿಗೆ ಬಂತು. ಮ್ಯಾನೇಜರ್ ಆ ಯುಪಿಎಸ್ ಎತ್ತಿಸಿ ತನ್ನ ಕೋಣೆಯ ಟೇಬಲ್ ಫ್ಯಾನಿಗೆ ಹಾಕಿಸಿಕೊಂಡ. ಅಲ್ಲಿಂದ ಕರೆಂಟ್ ಹೋದಾಗಲೆಲ್ಲ ನೆಟ್ ಸಾಯುತ್ತಿತ್ತು, ನಾನು ಹೋಗಿ ಕೈಯಿಂದ ತಾರೀಖು ತಿದ್ದುತ್ತಿದ್ದೆ. ಕಾರಣ ಹೇಳಿದರೆ ನಕ್ಕ. ಆಮೇಲೆ ಸಭೆಯಲ್ಲಿ, ಕಾಲೇಜಿನ ಅಧ್ಯಕ್ಷರ ಮುಂದೆ, ಎಲ್ಲ ಲೆಕ್ಚರರ್‌ಗಳ ಮುಂದೆ, ಎದ್ದು ನಿಂತು ಹೇಳಿದ: "ಈಕೀನ ಕೆಡಸ್ತಾಳ್ರಿ, ಈಕೀನ ರಿಪೇರಿ ಮಾಡ್ತಾಳ. ತಾ ಇಲ್ಲಂದ್ರ ನಡಿಯೂದಿಲ್ಲ ಅಂತ ತೋರಸಾಕ."

ನನ್ನನ್ನು ವಿಚಾರಣೆ ಕೌಂಟರಿಗೆ ಕೂರಿಸಿದರು. ಸರ್ವರ್ ಕೋಣೆಯ ಬೀಗದ ಕೈ ಮ್ಯಾನೇಜರನ ಹೆಂಡತಿಯ ತಮ್ಮನಿಗೆ ಹೋಯಿತು. "ಕೆಡಿಸುವವಳು" ಅಂತ ಹೆಸರು ಹೊತ್ತುಕೊಂಡು ನಾನು ಅಡ್ಮಿಷನ್ ಕೇಳಲು ಬಂದವರಿಗೆ ದಾರಿ ತೋರಿಸುತ್ತ ಕೂತೆ. ಒಂದಲ್ಲ ಒಂದು ದಿನ ಆತನ ಬಾಯಿಂದಲೇ, ಅದೇ ಜನರ ಮುಂದೆ, ನಿಜ ಹೇಳಿಸಬೇಕು. ಊಟಕ್ಕೆ ಕೂತರೂ ಅದೇ ಯೋಚನೆ.

ಬೀಗದ ಕೈ ಹೋದ ಮೇಲೆ ಮೊದಲ ಸಲ ಕರೆಂಟ್ ಹೋದಾಗಲೇ ಆ ದಿನ ಬಂತು. ಬೆಳಗ್ಗೆ ಜೋರು ಗಾಳಿ ಬೀಸಿ ಲೈನು ಹರಿಯಿತು. ಕರೆಂಟ್ ಮರಳಿದ ಮೇಲೆ ಸರ್ವರ್ ಕೋಣೆಯ ಎಲ್ಲ ಪೆಟ್ಟಿಗೆಗಳ ದೀಪ ಉರಿದವು, ಒಂದು ಸೈಟೂ ತೆರೆಯಲಿಲ್ಲ. ಭಾವಮೈದುನ ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದ, ಕೇಬಲ್ ಕಿತ್ತು ಊದಿದ, ಮತ್ತೆ ಆಫ್ ಮಾಡಿದ. ನಾನು ಕೌಂಟರಿನಲ್ಲಿ ಕೈಕಟ್ಟಿ ಕೂತೆ. ನಾನು ಮುಟ್ಟಿಲ್ಲವೆಂದು ಎಲ್ಲರೂ ನೋಡಲಿ ಎಂದೇ ಕೂತೆ. ಭಾಳ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಆದರೆ ಅಂದು ಆನ್‌ಲೈನಿನಲ್ಲಿ ಪರೀಕ್ಷೆ ಅರ್ಜಿ ತುಂಬಲು ಕೊನೆಯ ದಿನ. ತಾವರಗೇರಾದಿಂದ ಬಸ್ಸಿಗೆ ಬಂದ ಹುಡುಗಿಯರು ಲ್ಯಾಬಿನ ಮುಂದೆ ನಿಂತಿದ್ದರು. ಒಬ್ಬಳು ಬಂದು, "ಅಕ್ಕಾರ, ಇವತ್ತ ತುಂಬಲಿಲ್ಲಂದ್ರ ನನ್ನ ವರ್ಷ ಹೊಕ್ಕೈತ್ರಿ" ಎಂದಳು. ನನ್ನ ಸೇಡು ಅವಳ ಮೇಲಲ್ಲ. ಸರ್ವರ್ ಕೋಣೆಯ ಕಡೆ ಕಾಲಿಡದೆ ನೇರ ಲ್ಯಾಬಿಗೆ ಹೋದೆ. ನಮ್ಮ ಯಂತ್ರವನ್ನು ಕೇಳುವುದು ಬಿಟ್ಟು ಹೊರಗಿನ ನೇಮ್ ಸರ್ವರನ್ನು ಕೇಳುವಂತೆ ಪ್ರತಿ ಕಂಪ್ಯೂಟರಿನಲ್ಲೂ ಅದರ ಅಂಕಿ ವಿಳಾಸ ಬರೆದೆ. ಲ್ಯಾಬಿನಲ್ಲಿ ಸೈಟು ತೆರೆಯಿತು. ಕಚೇರಿಗೆ ಮಾತ್ರ ಏನೂ ಮಾಡಲಿಲ್ಲ, ಬೇಕಂತಲೇ ಬಿಟ್ಟೆ.

ಮ್ಯಾನೇಜರ್ ಬೆವರು ಒರೆಸುತ್ತ ಬಂದ. "ಆಫೀಸಿಗೂ ಮಾಡವಾ, ಅಧ್ಯಕ್ಷರು ಬಂದು ಕುಂತಾರ."

"ನಾ ಮುಟ್ಟೂದಿಲ್ರಿ ಸರ್. ಮುಟ್ಟಿದ್ರ ನಾನ ಕೆಡಿಸೀನಿ ಅಂತೀರಿ."

"ಏನ್ ಮಾಡಬೇಕು, ಅದನ್ನರ ಹೇಳು."

"ಮೊದಲ ಯುಪಿಎಸ್ ಅದರ ಜಾಗಕ್ಕ ಬರಲಿ."

"ಸಿಪಾಯಿ ಕಡಿಂದ ತರಸ್ತೀನಿ."

"ನೀವ ತರ್ರಿ. ಒಯ್ದಾವ್ರು ನೀವ ಅಲ್ಲೇನ್ರಿ?"

ತಂದ. ಯುಪಿಎಸ್ ಎದೆಗೆ ಅಪ್ಪಿಕೊಂಡು, ಫ್ಯಾನಿನ ವೈರು ನೆಲದ ಮೇಲೆ ಎಳೆಯುತ್ತ, ಲೆಕ್ಚರರ್‌ಗಳು ನಿಂತಿದ್ದ ವರಾಂಡದಲ್ಲೇ ಬಂದ. ಅಧ್ಯಕ್ಷರು ಹೊರಗೆ ಬಂದು, "ಏನ್ರೀ ಇದು?" ಎಂದರು.

"ಸರ್ವರಿನ ಯುಪಿಎಸ್ ರೀ. ನಾ... ಫ್ಯಾನಿಗೆ ಹಾಕ್ಕೊಂಡಿದ್ನಿ. ಅದಕ್ಕ ಕರೆಂಟ್ ಹೋದಾಗೊಮ್ಮೆ ನೆಟ್ ಕೆಡತಿತ್ರಿ."

"ಮತ್ತ ಈ ಹೆಣ್ಮಗಳು ಕೆಡಸ್ತಾಳ ಅಂದಿದ್ರಿ?"

ಆತ ನೆಲ ನೋಡಿದ. "ಈಕೀದೇನೂ ತಪ್ಪಿಲ್ರಿ" ಎಂದ, ಕೇಳಿಸೀತೋ ಇಲ್ಲವೋ ಎಂಬಂತೆ. "ಸ್ವಲ್ಪ ಜೋರಾಗಿ ಹೇಳ್ರಿ ಸರ್" ಎಂದೆ. ಮತ್ತೊಮ್ಮೆ ಹೇಳಿದ. ಆಮೇಲಷ್ಟೇ ಸರ್ವರ್ ಕೋಣೆಯೊಳಗೆ ಹೋಗಿ ತಾರೀಖು ತಿದ್ದಿದೆ. ಕಚೇರಿಯ ಸೈಟುಗಳೆಲ್ಲ ತೆರೆದವು.

ಬೀಗದ ಕೈ ನನಗೆ ವಾಪಸ್ ಬಂತು. ಅಧ್ಯಕ್ಷರು ಹೊಸ ಸೆಲ್ಲನ್ನೂ ತರಿಸಿಕೊಟ್ಟರು. ಅದು ನನ್ನ ಡ್ರಾಯರಿನಲ್ಲಿದೆ, ಇನ್ನೂ ಹಾಕಿಲ್ಲ. ಹಾಕಿದರೆ ಕರೆಂಟ್ ಹೋದರೂ ತಾರೀಖು ಕೆಡುವುದಿಲ್ಲ; ಆಗ ಸರ್ವರಿಗೆ ಯುಪಿಎಸ್ ಯಾಕೆ ಬೇಕು ಎಂದು ಆತ ಅದನ್ನು ಮತ್ತೆ ಫ್ಯಾನಿಗೆ ಕೇಳುತ್ತಾನೆ. ಈಗ ಕರೆಂಟ್ ಹೋದಾಗಲೆಲ್ಲ ಆತ ರಟ್ಟಿನ ಚೂರಿನಿಂದ ಗಾಳಿ ಹಾಕಿಕೊಳ್ಳುತ್ತಾನೆ. ನನ್ನ ಕುರ್ಚಿಯಿಂದ ಅದು ಛಲೋ ಕಾಣುತ್ತದೆ.